ನಿನ್ನೆಯ ಲೆಕ್ಕಗಳ ಬಗ್ಗೆ, ಎಲ್ಲರೂ ಓದಿ

ಮಕ್ಕಳೇ, ನೀವು ಹಾಕಿದ ಉತ್ತರಗಳ ಫೋಟೊಗಳನ್ನೆಲ್ಲ ನೋಡಿದೆ. ತಾಳೆಪಟ್ಟಿ, ಅಂದರೆ ಎಲ್ಲ ಖಾತೆಗಳ ಡೆಬಿಟ್ ಮತ್ತು ಕ್ರೆಡಿಟ್ ಮೊತ್ತ ಸಮವೇ ಎಂದು ನೋಡುವ ಪಟ್ಟಿ, ಹೊಂದದಿದ್ದರೆ ಉಳಿದದ್ದನ್ನು ಅಮಾನತು ಖಾತೆಗೆ (ತಪ್ಪು ಸಿಗುವವರೆಗೆ ವ್ಯತ್ಯಾಸ ಇಡುವ ತಾತ್ಕಾಲಿಕ ಖಾತೆಗೆ) ತಳ್ಳಿ ಕೈತೊಳೆದುಕೊಳ್ಳಬೇಡಿ. ಮೊದಲು ವ್ಯತ್ಯಾಸವನ್ನೇ ದಿಟ್ಟಿಸಿ ನೋಡಿ. ನಿಮಗೆ ಬಂದದ್ದು 540 ರೂಪಾಯಿ. ಮೊತ್ತ ತಪ್ಪು ಕಡೆ ಕೂತರೆ ವ್ಯತ್ಯಾಸ ಅದರ ಎರಡರಷ್ಟಾಗುತ್ತದೆ. 540ರ ಅರ್ಧ 270; ಅಷ್ಟೇ ಮೊತ್ತದ ಶಿಲ್ಕು (ಖಾತೆಯ ಬಾಕಿ) ಡೆಬಿಟ್ ಬದಲು ಕ್ರೆಡಿಟ್ ಕಡೆ ಕೂತಿದೆಯೇ ಹುಡುಕಿ. ಇಲ್ಲವೇ? ಅಂಕಿಗಳು ಅದಲುಬದಲಾದರೆ ವ್ಯತ್ಯಾಸ ಯಾವಾಗಲೂ ಒಂಬತ್ತರಿಂದ ಭಾಗವಾಗುತ್ತದೆ. 540 ಕೂಡ ಭಾಗವಾಗುತ್ತದೆ, ಹಾಗಾಗಿ ಅಂಕಿಗಳು ಅದಲುಬದಲಾಗಿರಬಹುದು. ಕಬ್ಬಿನ ಸಾಗಣೆ ವೆಚ್ಚ 1,820 ಇದ್ದದ್ದನ್ನು ಹಲವರು 1,280 ಎಂದು ಬರೆದಿದ್ದೀರಿ. ತಪ್ಪು ಅಲ್ಲೇ ಇತ್ತು! ಇದನ್ನು ನೀವೇ ಕಂಡುಹಿಡಿದರೆ ಆಗುವ ಖುಷಿಯೇ ಬೇರೆ, ಅದಕ್ಕೇ ಇಷ್ಟು ಹೇಳುತ್ತಿದ್ದೇನೆ.

ಅರ್ಥಶಾಸ್ತ್ರದ ಬೆಲ್ಲದ ಲೆಕ್ಕ ಬೇಡಿಕೆಯ ಸ್ಥಿತಿಸ್ಥಾಪಕತ್ವದ್ದು, ಅಂದರೆ ಬೆಲೆ ಬದಲಾದರೆ ಬೇಡಿಕೆ ಎಷ್ಟು ಬದಲಾಗುತ್ತದೆ ಎಂಬ ಅಳತೆಯದ್ದು: ಬೆಲೆ ಕಿಲೋಗೆ 40ರಿಂದ 50ಕ್ಕೆ ಏರಿತು, ಬೇಡಿಕೆ 100ರಿಂದ 90 ಕಿಲೋಗೆ ಇಳಿಯಿತು. ಬೆಲೆಯ ಏರಿಕೆಯನ್ನು ಭಾಗಿಸಬೇಕಾದದ್ದು ಹಳೆಯ ಬೆಲೆಯಿಂದ, ಹೊಸದರಿಂದ ಅಲ್ಲ. ಬೇಡಿಕೆಯ ಇಳಿಕೆ ಶೇ 10 ಭಾಗಿಸು ಬೆಲೆಯ ಏರಿಕೆ ಶೇ 25, ಉತ್ತರ 0.4. ನಂಬಿಕೆ ಬರದಿದ್ದರೆ ಒಟ್ಟು ವೆಚ್ಚ ನೋಡಿ: 4,000 ಇದ್ದದ್ದು 4,500 ಆಗಿದೆ. ಬೆಲೆ ಏರಿದಾಗ ವೆಚ್ಚವೂ ಏರಿದರೆ ಸ್ಥಿತಿಸ್ಥಾಪಕತ್ವ ಒಂದಕ್ಕಿಂತ ಕಡಿಮೆ.

ಮದ್ದೂರು, ಪಾಂಡವಪುರದಿಂದ ಬರುವವರು ಭಾನುವಾರ ಮಂಡ್ಯದ ತರಗತಿಗೆ ಬರುವಾಗ ತಿದ್ದಿದ ಪುಸ್ತಕ ಮರೆಯದೆ ತನ್ನಿ. ಸವಕಳಿ (ಬಳಕೆಯಿಂದ ಆಸ್ತಿಯ ಮೌಲ್ಯ ಇಳಿಯುವುದು) ಲೆಕ್ಕ ಅವತ್ತೇ ಶುರು.