ಎಮ್ಮಾಹುವಿಗೆ ದಾರಿ ಕೇಳಿದ ಗೆಳೆಯನಿಗೆ

ಪ್ರಿಯ ಗೆಳೆಯ,

ಯೆರೂಸಲೇಮಿಗೆ ಹೋದಾಗ ಎಮ್ಮಾಹುವನ್ನೂ ನೋಡಿ ಬರುವ ಆಸೆಯಿದೆ, ದಾರಿ ತಿಳಿಸು ಎಂದು ಬರೆದಿದ್ದೆ. ನಾನು ಯಾವ ದಾರಿಯನ್ನು ಹೇಳಲಿ? ಅಲ್ಲಿ ಎಮ್ಮಾಹು ಎಂದು ಗುರುತಿಸುವ ಊರುಗಳೇ ನಾಲ್ಕಿವೆ.

ಲೂಕನ ಸುವಾರ್ತೆಯ 24ನೆಯ ಅಧ್ಯಾಯವನ್ನು ನೆನೆಸಿಕೋ. ಯೇಸುವಿನ ಶಿಷ್ಯ ಕ್ಲೆಯೊಫನೂ ಅವನ ಜೊತೆಗಾರನೂ ಮುಖ ಬಾಡಿಸಿಕೊಂಡು ಆ ಹಳ್ಳಿಗೆ ನಡೆಯುತ್ತಿರುವಾಗ ಶಿಲುಬೆಯಲ್ಲಿ ಸತ್ತು ಮತ್ತೆ ಎದ್ದ ಯೇಸು ಅಪರಿಚಿತನಂತೆ ಜೊತೆಗೂಡುತ್ತಾನೆ; ಸಂಜೆ ಊಟಕ್ಕೆ ಕುಳಿತು ಅವನು ರೊಟ್ಟಿ ಮುರಿದಾಗಲೇ ಅವರಿಗೆ ಗುರುತು ಸಿಗುತ್ತದೆ, ಆ ಗಳಿಗೆಯಲ್ಲೇ ಎದ್ದು ಯೆರೂಸಲೇಮಿಗೆ ಹಿಂದಿರುಗುತ್ತಾರೆ. ಹೆಚ್ಚಿನ ಹಸ್ತಪ್ರತಿಗಳ ಪ್ರಕಾರ ದೂರ 60 ಸ್ಟೇಡಿಯ, ಅಂದರೆ ಸುಮಾರು 11 ಕಿಲೋಮೀಟರ್. ಆದರೆ ನಾಲ್ಕನೆಯ ಶತಮಾನದ ಸಿನೈಟಿಕಸ್ ಹಸ್ತಪ್ರತಿಯಲ್ಲಿ 160 ಎಂದಿದೆ. ತಕರಾರೆಲ್ಲ ಈ ನೂರರದ್ದು.

160 ಸರಿಯೆಂದರೆ ಊರು ಲಾಟ್ರೂನ್ ಬಳಿಯ ಇಮ್ವಾಸ್. ಕ್ರಿಸ್ತಪೂರ್ವ ಎರಡನೆಯ ಶತಮಾನದ ಯಹೂದಿ ಬಂಡಾಯಗಾರರಾದ ಮಕ್ಕಬಿಯರ ಕಾಲದಲ್ಲೇ ಎಮ್ಮಾಹು ಎನಿಸಿಕೊಂಡಿದ್ದ, ಮುಂದೆ ರೋಮನ್ನರ ಆಳ್ವಿಕೆಯಲ್ಲಿ ನಿಕೊಪೊಲಿಸ್ ಎಂಬ ಪಟ್ಟಣವಾದ ಈ ಊರನ್ನೇ ಪ್ರಾಚೀನ ಕ್ರೈಸ್ತ ವಿದ್ವಾಂಸರಾದ ಯೂಸೇಬಿಯಸ್ ಮತ್ತು ಜೆರೋಮ್ ಒಪ್ಪಿದ್ದರು. ನನಗಂತೂ ಒಪ್ಪಿಗೆಯಿಲ್ಲ: ಹಗಲು 30 ಕಿಲೋಮೀಟರ್ ನಡೆದು ದಣಿದವರು ಕತ್ತಲಲ್ಲಿ ಮತ್ತೆ ಅಷ್ಟೇ ದೂರ ಬೆಟ್ಟದ ದಾರಿಯನ್ನು ಏರುವುದುಂಟೇ? ಹೆಸರಾಂತ ಪಟ್ಟಣಕ್ಕೆ ಹೊಂದಲೆಂದು ಯಾರೋ ಲಿಪಿಕಾರ ಅಂಕಿಯನ್ನು ತಿದ್ದಿರಬೇಕೆಂಬ ವಾದವೇ ನನಗೆ ಸಹಜವೆನಿಸುತ್ತದೆ.

60ಕ್ಕೆ ಒಗ್ಗುವ ಅಬು ಘೋಷ್ ಮತ್ತು ಕುಬೈಬೆಗಳಿಗೆ ಕ್ರುಸೇಡಿನ ಕಾಲಕ್ಕಿಂತ ಹಳೆಯ ಆಧಾರವಿಲ್ಲ. ಉಳಿದದ್ದು ಮೋಟ್ಸಾ. ರೋಮನ್ ಚಕ್ರವರ್ತಿ ವೆಸ್ಪೇಸಿಯನ್ 800 ನಿವೃತ್ತ ಸೈನಿಕರನ್ನು ಯೆರೂಸಲೇಮಿನಿಂದ 30 ಸ್ಟೇಡಿಯ ದೂರದ ಎಮ್ಮಾಹುವಿನಲ್ಲಿ ನೆಲೆಗೊಳಿಸಿದನೆಂದು ಇತಿಹಾಸಕಾರ ಜೋಸೆಫಸ್ ಬರೆಯುತ್ತಾನೆ; ಆ ಸೈನಿಕರ ಕೊಲೋನಿಯಾ (ವಸಾಹತು) ಎಂಬ ಹೆಸರೇ ಮೋಟ್ಸಾದ ಪಕ್ಕದ ಅರಬ್ ಹಳ್ಳಿ ಕಲೂನಿಯಾದಲ್ಲಿ 1948ರವರೆಗೂ ಉಳಿದಿತ್ತು. ಲೂಕನ 60 ಹೋಗಿಬರುವ ಒಟ್ಟು ದೂರವಾಗಿದ್ದರೆ ಲೆಕ್ಕ ಸರಿಹೋಗುತ್ತದೆ. ಇದು ತುಸು ಜಾಣತನದ ಲೆಕ್ಕವೆಂಬುದು ನನಗೂ ಗೊತ್ತು, ಆದರೂ ನನ್ನ ಮತ ಮೋಟ್ಸಾಕ್ಕೇ.

ಬಿಡುವಿದ್ದರೆ ಇಮ್ವಾಸ್‌ನ ಬೈಜಾಂಟಿನ್ ಚರ್ಚಿನ ಅವಶೇಷಗಳನ್ನೂ ನೋಡು. ಊರು ಮಾತ್ರ ಸಿಗದು, 1967ರ ಯುದ್ಧದಲ್ಲಿ ಜನರನ್ನು ಹೊರಗಟ್ಟಿ ಮನೆಗಳನ್ನು ಕೆಡವಿದರು, ಈಗ ಅಲ್ಲಿ ಉದ್ಯಾನವಿದೆ. ಮೋಟ್ಸಾಕ್ಕೆ ಮಾತ್ರ ನಡೆದೇ ಹೋಗು. ಹಿಂದಿರುಗುವ ಏರಿಗೆ ಎಷ್ಟು ಹೊತ್ತು ಹಿಡಿಯಿತೆಂದು ಮರೆಯದೆ ಬರೆ.

ನಿನ್ನ ಗೆಳೆಯ