ನಿನ್ನೆ ರಾತ್ರಿ ಮನೆಯಲ್ಲಿ ಯಾರಿದ್ದರು? ವಿಜಯಪುರ ಜಿಲ್ಲಾ ಪಂಚಾಯತ್ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯರೆ,

ಇಂಡಿ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ಗಣಿತ ಕಲಿಸುವ ನಾನು, ನನ್ನಂಥ ಅನೇಕ ಶಿಕ್ಷಕರಂತೆ, ಗಣತಿಯ ಹೊತ್ತಿಗೆ ಫಾರ್ಮು ಹಿಡಿದು ಮನೆ ಮನೆ ತಿರುಗಿದವನು. ಶಾಲೆಯಿಂದ ಹೊರಗುಳಿದ ಮಕ್ಕಳನ್ನು ಗುರುತಿಸಲು ಗ್ರಾಮ ಪಂಚಾಯತಿಗಳು ನಡೆಸುವ ಮನೆ-ಮನೆ ಸಮೀಕ್ಷೆಯಲ್ಲಿ ಪಾಲಕರು ದುಡಿಯಲು ಊರು ಬಿಟ್ಟಾಗ ಮಕ್ಕಳ ಜೊತೆ ಯಾರಿರುತ್ತಾರೆ, ಮಕ್ಕಳ ಮನಸ್ಸು ಹೇಗಿರುತ್ತದೆ ಎಂದು ತಿಳಿಯುವ ಕೆಲವು ಪ್ರಶ್ನೆಗಳನ್ನು ಸೇರಿಸಬೇಕು, ಅದನ್ನು ನಡೆಸುವ ಕಾಲವನ್ನೂ ಬದಲಿಸಬೇಕು ಎಂದು ಕೋರಿ ಈ ಪತ್ರ ಬರೆಯುತ್ತಿದ್ದೇನೆ.

ಒಂದು ನವೆಂಬರಿನಲ್ಲಿ ತಾಂಡಾವೊಂದರ ಮನೆಗೆ ಹೋಗಿದ್ದೆ (ಗುರುತು ಹತ್ತದಿರಲೆಂದು ಒಂದೆರಡು ವಿವರ ಬದಲಿಸಿದ್ದೇನೆ). ರೇಷನ್ ಕಾರ್ಡಿನಲ್ಲಿ ಐದು ಹೆಸರು: ಅಜ್ಜಿ, ಮಗ, ಸೊಸೆ, ಎರಡು ಮಕ್ಕಳು. ಐದನ್ನೂ ಬರೆದುಕೊಂಡು, ಕುಟುಂಬದ ಬಗೆ ಎಂಬಲ್ಲಿ ‘ಅವಿಭಕ್ತ’ ಎಂದು ಗುರುತು ಹಾಕಿದೆ. ಮಗ-ಸೊಸೆ ಎಲ್ಲಿ ಎಂದು ಕೇಳಿದಾಗ ಅಜ್ಜಿ, “ಕಬ್ಬ ಕಡ್ಯಾಕ ಹೋಗ್ಯಾರ್ರಿ, ಯುಗಾದಿಗೆ ಬರ್ತಾರ” ಎಂದರು. ಒಳಗೆ ಹದಿನಾಲ್ಕರ ಹುಡುಗ ತಂಗಿಯ ಬುತ್ತಿಗೆಂದು ರೊಟ್ಟಿ ಬಡಿಯುತ್ತಿದ್ದ. ನೆಟ್‌ವರ್ಕ್ ಸಿಗುವ ಜಾಗ ಅದೊಂದೇ ಎಂದು ಬಾಗಿಲ ಚೌಕಟ್ಟಿನ ಮೊಳೆಗೆ ಮೊಬೈಲನ್ನು ಚೀಲದಲ್ಲಿ ತೂಗುಹಾಕಿದ್ದರು. ಅವ್ವ ಯಾವ ಹೊತ್ತಿಗೆ ಫೋನ್ ಮಾಡುತ್ತಾಳೋ ತಿಳಿಯದೆ ಅದನ್ನು ಅಲ್ಲಿಂದ ಯಾರೂ ತೆಗೆಯುತ್ತಿರಲಿಲ್ಲ. ನನ್ನ ಫಾರ್ಮಿನಲ್ಲಿ ಮಾತ್ರ ಆತ ಅಪ್ಪ, ಅವ್ವ, ಅಜ್ಜಿ ಎಲ್ಲರೂ ಇರುವ ತುಂಬಿದ ಮನೆಯ ಹುಡುಗ. ಪಕ್ಕದ ಮನೆಗೆ ಬೀಗವಿತ್ತು. ಅವರು ಮಕ್ಕಳನ್ನೂ ಟ್ರ್ಯಾಕ್ಟರ್ ಹತ್ತಿಸಿಕೊಂಡು ದುಡಿಮೆ ಅರಸಿ ಗುಳೆ ಹೋಗಿದ್ದರಿಂದ ನನ್ನ ಲೆಕ್ಕಕ್ಕೇ ಬರಲಿಲ್ಲ.

ದೊಡ್ಡ ಸಮೀಕ್ಷೆಗಳು ಈ ವಿಷಯದಲ್ಲಿ ಕುರುಡಾಗಿಲ್ಲ. 2019–21ರ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯು ಮನೆಯ ಪ್ರತಿಯೊಬ್ಬರಿಗೂ ಯಜಮಾನರೊಂದಿಗಿನ ಸಂಬಂಧವೇನು, ಅವರ ರೂಢಿಯ ವಾಸ ಇಲ್ಲಿಯೇ, ನಿನ್ನೆ ರಾತ್ರಿ ಇಲ್ಲೇ ಇದ್ದರೇ ಎಂದು ಕೇಳಿದೆ. ಹದಿನೆಂಟು ತುಂಬದವರ ತಂದೆ-ತಾಯಿ ಬದುಕಿದ್ದಾರೆಯೇ, ಅದೇ ಮನೆಯಲ್ಲಿ ಇದ್ದಾರೆಯೇ ಎಂದೂ ಕೇಳಿದೆ. ‘ನಿನ್ನೆ ರಾತ್ರಿ’ ಎಂಬ ಆ ಪ್ರಶ್ನೆಯನ್ನು ಯೋಚಿಸಿದವರಿಗೆ ನಾನು ಮನಸ್ಸಿನಲ್ಲೇ ಕೈಮುಗಿದಿದ್ದೇನೆ. ಆದರೆ 707 ಜಿಲ್ಲೆಗಳಿಗೆ ಸುಮಾರು 6.37 ಲಕ್ಷ ಮನೆಗಳೆಂದರೆ ಜಿಲ್ಲೆಗೆ ಸರಾಸರಿ 900. ಅದರಲ್ಲಿ ಹರೆಯದ ಮಕ್ಕಳಿರುವ ಮನೆಗಳು, ಅವುಗಳಲ್ಲಿ ಪಾಲಕರು ಗುಳೆ ಹೋದ ಮನೆಗಳು ಎಂದು ಸೋಸುತ್ತ ಹೋದರೆ, ಒಂದು ಜಿಲ್ಲೆಯ ಬಗ್ಗೆ ಧೈರ್ಯವಾಗಿ ಮಾತನಾಡುವಷ್ಟು ಮನೆಗಳು ಉಳಿಯುವುದಿಲ್ಲ. ಮೇಲಾಗಿ ಅಲ್ಲಿ ನೇರ ಸಂದರ್ಶನ ಇರುವುದು 15 ತುಂಬಿದವರಿಗೆ. ಹದಿಮೂರರ ಹುಡುಗಿ ಆ ಪಟ್ಟಿಯಲ್ಲಿ ಒಂದು ಸಾಲು ಮಾತ್ರ. ಮಕ್ಕಳ ಮನಸ್ಸಿನ ವಿಷಯಕ್ಕೆ ಬಂದರೆ, 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯನ್ನು ನಡೆಸಿದ್ದು ನಮ್ಮ ನಿಮ್ಹಾನ್ಸ್ ಆದರೂ, ಅದು ಆಯ್ದುಕೊಂಡ 12 ರಾಜ್ಯಗಳಲ್ಲಿ ಕರ್ನಾಟಕ ಇರಲಿಲ್ಲ. ಉತ್ತರ ಕರ್ನಾಟಕದ 13–14 ವರ್ಷದ ಹುಡುಗಿಯರ ಮನೋವೇದನೆಯನ್ನು ಅವರನ್ನೇ ಕೇಳಿ ಅಳೆದ ಅಧ್ಯಯನವೊಂದು 2019ರಲ್ಲಿ ಪ್ರಕಟವಾಗಿದೆ. ಆದ್ದರಿಂದ ಈ ವಯಸ್ಸಿನವರನ್ನು ಕೇಳಲಾಗದು ಎಂಬ ನೆಪ ಇನ್ನು ನಿಲ್ಲುವುದಿಲ್ಲ.

ಅವಸರದ ತೀರ್ಮಾನ ನನಗೂ ಬೇಡ. ಅಪ್ಪ-ಅವ್ವ ದೂರವಿರುವ ಮಕ್ಕಳು ಹೆಚ್ಚು ಮಂಕಾಗಿರುತ್ತಾರೆಂದು ಅಂಕಿಗಳಲ್ಲಿ ಕಂಡರೂ, ಅದಕ್ಕೆ ಅಗಲಿಕೆಯೇ ಕಾರಣವೆಂದು ಹೇಳಲಾಗದು. ಗುಳೆಗೆ ಅಟ್ಟಿದ ಸಾಲ, ಕೈಕೊಟ್ಟ ಮಳೆ ಇವೇ ಮಗುವಿನ ನಿದ್ದೆಯನ್ನೂ ಕೆಡಿಸಿರಬಹುದು. ಇವನ್ನು ಬಿಡಿಸಿ ನೋಡಬೇಕಾದರೆ ಅದೇ ಮಗುವನ್ನು ಪಾಲಕರು ಊರಲ್ಲಿದ್ದಾಗ ಒಮ್ಮೆ, ಹೋದ ಮೇಲೆ ಒಮ್ಮೆ ಕೇಳಬೇಕು. ಮನೆ ‘ಒಡೆದದ್ದೋ’ ‘ತುಂಬಿದ್ದೋ’ ಎಂಬ ಪದಗಳನ್ನಂತೂ ಫಾರ್ಮಿನಿಂದ ದೂರವಿಡಿ. ಅಜ್ಜಿಯೊಬ್ಬಳೇ ಅಚ್ಚುಕಟ್ಟಾಗಿ ಬೆಳೆಸಿದ ಮಕ್ಕಳು ನನ್ನ ತರಗತಿಯ ಮುಂದಿನ ಸಾಲಿನಲ್ಲೇ ಇದ್ದಾರೆ.

ಸೇರಿಸಬೇಕಾದ ಪ್ರಶ್ನೆಗಳು ಇಷ್ಟೇ: ಕಳೆದ ಹನ್ನೆರಡು ತಿಂಗಳಲ್ಲಿ ತಾಯಿ ಎಷ್ಟು ತಿಂಗಳು ಈ ಮನೆಯಲ್ಲಿದ್ದರು, ತಂದೆ ಎಷ್ಟು ತಿಂಗಳು ಇದ್ದರು, ಅವರಿಲ್ಲದಾಗ ಮಕ್ಕಳ ಜೊತೆ ರಾತ್ರಿ ಇದ್ದ ಹಿರಿಯರು ಯಾರು. ಹೌದು-ಇಲ್ಲ ಎಂಬ ಉತ್ತರ ಸಾಲದು, ತಿಂಗಳ ಸಂಖ್ಯೆಯನ್ನೇ ಬರೆಸಬೇಕು. ಮಕ್ಕಳ ನಿದ್ದೆ, ಊಟ, ಬೇಸರ, ಗೆಳೆತನದ ಪ್ರಶ್ನೆಗಳನ್ನು ಮನೆಯವರ ಒಪ್ಪಿಗೆ ಪಡೆದು, ಶಾಲೆಯಲ್ಲಿ, ಒಬ್ಬೊಬ್ಬರನ್ನೇ ಕೂರಿಸಿಕೊಂಡು, ತರಬೇತಿ ಪಡೆದ ಹೊರಗಿನವರು ಕೇಳಲಿ. ನಾನು ಕೇಳಿದರೆ “ಆರಾಮ ಅದೀನ್ರಿ ಸರ್” ಎಂಬುದಕ್ಕಿಂತ ಹೆಚ್ಚೇನೂ ಬರುವುದಿಲ್ಲ. ಕೇಳುವಾಗ ಯಾವುದಾದರೂ ಮಗುವಿನ ಸಂಕಟ ಹೊರಬಿದ್ದರೆ 1098 ಮಕ್ಕಳ ಸಹಾಯವಾಣಿಗೆ ಅಥವಾ 14416 ಟೆಲಿ-ಮಾನಸ್ ಮಾನಸಿಕ ಆರೋಗ್ಯ ಸಹಾಯವಾಣಿಗೆ ತಲುಪಿಸುವ ಹೊಣೆ ಯಾರದೆಂಬುದು ಮೊದಲೇ ಬರಹದಲ್ಲಿರಲಿ. ಹೆಸರು ಪಂಚಾಯತಿ ನೋಟಿಸ್ ಬೋರ್ಡಿನವರೆಗೆ ಹೋಗಬಾರದು.

ಕಾಲದ ವಿಷಯ. ಕಬ್ಬು ಕಡಿಯಲು ಕೂಲಿಗಳನ್ನು ಕರೆದೊಯ್ಯುವ ಮುಕಾದಮರು ಅವರಿಗೆ ಮುಂಗಡ ಹಂಚುವುದು ಮಳೆಗಾಲದಲ್ಲಿ, ಆ ಕೂಲಿಗಳ ಗ್ಯಾಂಗುಗಳು ಊರು ಬಿಡುವುದು ದಸರೆ-ದೀಪಾವಳಿಯ ಆಸುಪಾಸಿನಲ್ಲಿ. ಸಮೀಕ್ಷೆ ಆಷಾಢದಲ್ಲೇ ಮುಗಿದರೆ, ಯಾವ ತಾಂಡಾದ ಎಷ್ಟು ಮಕ್ಕಳಿಗೆ, ಪಾಲಕರು ಗುಳೆ ಹೋದ ತಿಂಗಳುಗಳಲ್ಲಿ ಉಳಿದು ಓದಲು, ಋತುಮಾನದ ವಸತಿ ನಿಲಯ ಬೇಕು ಎಂಬ ಪಟ್ಟಿ ಟ್ರ್ಯಾಕ್ಟರ್ ಹೊರಡುವ ಮೊದಲೇ ತಮ್ಮ ಮೇಜಿನ ಮೇಲಿರುತ್ತದೆ. ನಮ್ಮ ಪಂಚಾಯತಿಯೊಂದರಲ್ಲಿ ಇದನ್ನು ಪ್ರಯೋಗವಾಗಿ ನಡೆಸಲು ತಾವು ಒಪ್ಪುವುದಾದರೆ, ಶಾಲೆ ಬಿಟ್ಟ ಮೇಲಿನ ಹೊತ್ತಿನಲ್ಲಿ ಮನೆಗಳಿಗೆ ಹೋಗಿ ಬರಲು ನಾನೂ ನನ್ನ ಇಬ್ಬರು ಸಹೋದ್ಯೋಗಿಗಳೂ ಸಿದ್ಧರಿದ್ದೇವೆ.

ತಮ್ಮ ವಿಶ್ವಾಸಿ,
ಇಂಡಿ ತಾಲ್ಲೂಕಿನ ಒಬ್ಬ ಶಿಕ್ಷಕ