ಸೀರಿಯಲ್ ನಮ್ಮ ಹೊತ್ತಿಗೆ ಬರಲಿ

ಮಾನ್ಯ ಸಂಪಾದಕರೇ,

ಬೆಟಗೇರಿಯಲ್ಲಿ ನಮ್ಮದೊಂದು ಖಾನಾವಳಿ ಇದೆ. ಟಿವಿಯಲ್ಲಿ ಒಳ್ಳೆ ಸೀರಿಯಲ್ ಬರುವ ಹೊತ್ತಿಗೇ ಗಿರಾಕಿಗಳೂ ಬರುತ್ತಾರೆ. ರೊಟ್ಟಿ ಬಡಿಯೋದು ಬಿಟ್ಟು ಟಿವಿ ಮುಂದೆ ಕೂಡಲಿಕ್ಕೆ ಆಗುತ್ತದೆಯೇ? ಈಗ ರೆಕಾರ್ಡ್ ಮಾಡುವ ಸೆಟ್‌ಟಾಪ್ ಬಾಕ್ಸ್ ತಂದಿದ್ದೇವೆ. ಮಧ್ಯಾಹ್ನವೇ ಟೈಮ್ ಹಚ್ಚಿಟ್ಟರೆ ರಾತ್ರಿ ತಾನೇ ರೆಕಾರ್ಡ್ ಮಾಡಿಕೊಳ್ಳುತ್ತದೆ. ಮರುದಿನ ಪಾತ್ರೆ ತೊಳೆದ ಮೇಲೆ ಕಾಲು ಚಾಚಿ ನೋಡುತ್ತೇನೆ. ಗಂಟೆಗೆ 12 ನಿಮಿಷಕ್ಕಿಂತ ಜಾಸ್ತಿ ಜಾಹೀರಾತು ಹಾಕಬಾರದು ಅಂತ ನಿಯಮ ಇದೆ. ನಾನು ಆ 12 ನಿಮಿಷವನ್ನೂ ಓಡಿಸಿಬಿಡುತ್ತೇನೆ! ನಮ್ಮ ಅತ್ತೆಗೆ ಕಿವಿ ಮಂದ. "ಏನಂದ್ಳವಾ ಆಕಿ?" ಅಂತ ಕೇಳಿದರೆ ಹಿಂದೆ ಸರಿಸಿ ಮತ್ತೆ ಹಾಕುತ್ತೇನೆ.

ಮೊಬೈಲಿನಲ್ಲೇ ನೋಡಬಹುದಲ್ವಾ ಅಂತಾನೆ ಮಗ. ದಿನದ ಡೇಟಾ ಅವನೇ ಖಾಲಿ ಮಾಡಿರುತ್ತಾನೆ, ಆ ಮಾತು ಬೇರೆ.

ಎಷ್ಟೋ ಬಾಕ್ಸ್‌ಗಳಲ್ಲಿ ಪೆನ್‌ಡ್ರೈವ್ ಚುಚ್ಚಿದರೂ ರೆಕಾರ್ಡ್ ಆಗುತ್ತದೆ. ಕೂರಿಸಲು ಬರುವವರು ಇದನ್ನು ಹೇಳುವುದೇ ಇಲ್ಲ. ರೆಕಾರ್ಡ್ ಆದದ್ದು ಸಾಮಾನ್ಯವಾಗಿ ಅದೇ ಬಾಕ್ಸಿನಲ್ಲಿ ಮಾತ್ರ ಓಡುತ್ತದೆ, ಕರೆಂಟ್ ಹೋದರೆ ರೆಕಾರ್ಡೂ ನಿಲ್ಲುತ್ತದೆ ಅನ್ನುವುದನ್ನೂ ಹೇಳುವುದಿಲ್ಲ. ಕಂಪನಿಯವರು ಇಷ್ಟನ್ನು ಕನ್ನಡದಲ್ಲಿ ಒಂದು ಹಾಳೆ ಅಚ್ಚು ಹಾಕಿಸಿ ಬಾಕ್ಸ್ ಜೊತೆ ಕೊಡಲಿ.

– ಖಾನಾವಳಿ ನಡೆಸುವ ಓದುಗಿ, ಬೆಟಗೇರಿ, ಗದಗ